ಒಂದು ಸ್ನಾನಕ್ಕೆ ನಾಲ್ಕು ನಡುಗಡ್ಡೆ

ನಮ್ಮ ಅತ್ತೆಯ ಪಾಲಿಗೆ ಒಂದು ದ್ವೀಪ ಇದೆ ಅನ್ನುವುದು ನನಗೆ ಗೊತ್ತಾದದ್ದು ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ ಮೊದಲ ಬೇಸಿಗೆಯಲ್ಲಿ, ಉಪ್ಪಿನಕಾಯಿ ಹಾಕುವ ದಿನ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹಿತ್ತಲ ಬಾಗಿಲಲ್ಲಿ ಅಂಬಿಗನೊಬ್ಬ ಒಂದು ಕುಕ್ಕೆ ಮಾವಿನಕಾಯಿ ಇಳಿಸಿ, ತಲೆಯ ಸಿಂಬಿ ತೆಗೆದು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಕಾಯಿಗಳ ತೊಟ್ಟಿನಲ್ಲಿ ಸೊನೆ ಇನ್ನೂ ಹಸಿಯಾಗಿತ್ತು. ಎಲ್ಲಿಂದ ಬಂತು ಎಂದು ಕೇಳಿದೆ. ಅತ್ತೆ ಕಾಯಿ ಒರೆಸುತ್ತಲೇ, ‘ನನ್ನ ನಡುಗಡ್ಡೆಯದು’ ಅಂದರು. ಹಿತ್ತಲಿನ ನುಗ್ಗೆಮರದ್ದು ಅಂದಷ್ಟು ಸಲೀಸಾಗಿ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಭೂಗೋಳದ ಸಿಸ್ಟರ್ ನಮ್ಮ ಕೈಲಿ ವಾರಕ್ಕೊಂದು ನಕ್ಷೆ ಬರೆಸುತ್ತಿದ್ದರು. ದ್ವೀಪಗಳ ಸುತ್ತ ನೀಲಿ ಪೆನ್ಸಿಲಿನಲ್ಲಿ ಒಂದೇ ದಿಕ್ಕಿಗೆ, ಗೆರೆ ಗೆರೆ ಕಾಣದ ಹಾಗೆ ಬಣ್ಣ ಉಜ್ಜಬೇಕು. ಬಿಸಿಲು ನಾಡಿನ ಪುಟ್ಟ ಪುಟ್ಟ ದ್ವೀಪಗಳು, ತೆಂಗಿನ ಮರ, ದಡದಲ್ಲಿ ಕಟ್ಟಿದ ದೋಣಿ: ಇಂಥ ಚಿತ್ರಗಳಿದ್ದ ಪುಸ್ತಕವನ್ನು ಲೈಬ್ರರಿಯಲ್ಲಿ ಎಷ್ಟು ಸಲ ತೆಗೆಸಿಕೊಂಡೆನೆಂದರೆ ಕೊನೆಗೆ ಸಿಸ್ಟರೇ, ‘ಬೇರೆ ಮಕ್ಕಳಿಗೂ ಬಿಡು’ ಎಂದಿದ್ದರು. ಅಷ್ಟಾದರೂ ಮೈಸೂರಿನಿಂದ ರೈಲಿನಲ್ಲಿ ಹೋದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಸಿಗುವ ಶ್ರೀರಂಗಪಟ್ಟಣವೇ ಒಂದು ದ್ವೀಪ ಎನ್ನುವುದು ನನ್ನ ತಲೆಗೆ ಹೋಗಿರಲಿಲ್ಲ. ಮದುವೆಯ ಮಾತು ಬಂದಾಗ ಅಪ್ಪ ಹೇಳಿದ್ದು, ಹುಡುಗನಿಗೆ ಪಾಂಡವಪುರದಲ್ಲಿ ಸರ್ಕಾರಿ ಕಚೇರಿಯ ಕೆಲಸ, ದೇವಸ್ಥಾನದ ಬೀದಿಯಲ್ಲಿ ಮನೆ, ಇಷ್ಟೇ. ಸುತ್ತ ನೀರಿದೆ ಎಂದು ಯಾರೂ ಹೇಳಲಿಲ್ಲ.

ಈಗ ದ್ವೀಪದೊಳಗೆ ಇನ್ನೊಂದು ದ್ವೀಪ! ‘ಯಾವಾಗ ಹೋಗೋಣ ಅತ್ತೆ?’ ಎಂದೆ.

ಅತ್ತೆ ನಕ್ಕುಬಿಟ್ಟರು. ‘ನಾನೇ ನೋಡಿಲ್ಲವಲ್ಲೇ ಅದನ್ನ.’

ಅದರ ಕತೆ ಇಷ್ಟು. ಅತ್ತೆಯ ತೌರು ನಾಗಮಂಗಲದ ಕಡೆ, ದೇವಲಾಪುರದ ಹತ್ತಿರ. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ಒಂದು ತಟ್ಟೆಯಷ್ಟು ಬೆಳಕು. ಹದಿನಾರಕ್ಕೆ ಮದುವೆಯಾಗಿ ಇಲ್ಲಿಗೆ ಬಂದ ಹುಡುಗಿ ತುಂಬಿದ ಹೊಳೆ ನೋಡಿ ಹೆದರಿ, ಎರಡು ದಿನ ಊಟ ಬಿಟ್ಟು ಅತ್ತಳಂತೆ. ಆಗ ಅವರ ಅತ್ತೆ, ಅಂದರೆ ನಮ್ಮ ಮನೆಯ ಅಜ್ಜಿ, ಕೋಟೆಗೋಡೆಯ ಮೇಲೆ ನಿಲ್ಲಿಸಿ ಹೊಳೆಯ ಮಧ್ಯೆ ಬೆರಳು ತೋರಿಸಿ, ‘ಅಲ್ಲಿ ಬಿದಿರು ಮೆಳೆ ಕಾಣುತ್ತಲ್ಲ, ಅದರ ಪಕ್ಕ ನಮ್ಮದೊಂದು ತುಂಡು ಜಾಗ ಇದೆ, ಒಂದು ಮಾವಿನ ಮರ ಇದೆ. ಇವತ್ತಿನಿಂದ ಅದು ನಿನ್ನದು. ತನ್ನ ಮರ ಇರೋ ಕಡೆ ಯಾರಾದರೂ ಅಳ್ತಾರಾ?’ ಎಂದರಂತೆ. ಅತ್ತೆ ಅಳು ನಿಲ್ಲಿಸಿದರು. ಮಾರನೇ ದಿನವೇ ಮರ ನೋಡಬೇಕು ಎಂದು ಹಟ ಹಿಡಿದರು. ಆಗ ಅಜ್ಜಿ ಹೇಳಿದ ಎರಡನೇ ಮಾತು: ‘ಹರಿಗೋಲಿಗೆ ಹೊದಿಸೋದು ಎಮ್ಮೆ ತೊಗಲು. ನಮ್ಮ ಮನೆ ಹೆಂಗಸರು ಅದರಲ್ಲಿ ಕೂರೋದಿಲ್ಲ.’

ಬೀದಿಯ ಬೇರೆ ಮನೆಯವರು ಕೂರುತ್ತಿದ್ದರು. ಹೊಳೆ ದಾಟಿ ಬಂದು ತಲೆಗೆ ನೀರು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ನಮ್ಮ ಮನೆಯದೇ ಒಂದು ನೇಮ. ದ್ವೀಪ ಕೊಟ್ಟವರೂ ಅಜ್ಜಿಯೇ, ದೋಣಿ ಬೇಡ ಅಂದವರೂ ಅಜ್ಜಿಯೇ. ಅಜ್ಜಿ ತೀರಿಕೊಂಡು, ಮಾವನವರೂ ಹೋಗಿ, ಅತ್ತೆಗೆ ಅರವತ್ತು ಹತ್ತಿರವಾದರೂ ಆ ಮರ ಅವರಿಗೆ ಕೋಟೆಗೋಡೆಯಿಂದ ಕಾಣುವ ಒಂದು ಹಸಿರು ಮುದ್ದೆಯಾಗಿಯೇ ಉಳಿದಿತ್ತು. ಸಂಜೆ ಹೂ ಕೊಯ್ಯುವ ನೆಪದಲ್ಲಿ ಗೋಡೆಯ ಹತ್ತಿರ ಹೋದರೆ ಆ ಕಡೆಗೊಮ್ಮೆ ಕಣ್ಣು ಕಿರಿದು ಮಾಡಿ ನೋಡಿಯೇ ಬರುವುದು. ಹೂ ಬಿಟ್ಟಿದೆಯೋ ಇಲ್ಲವೋ ಎಂದು ಆ ದೂರದಿಂದ ಹೇಗೆ ಕಾಣಬೇಕು? ಆದರೂ, ‘ಈ ಸಲ ಚೆನ್ನಾಗಿ ಹಿಡಿದಿದೆ’ ಎನ್ನುವರು.

ಆಮೇಲೆ ಎರಡು ವರ್ಷಕ್ಕೆ, ಯುಗಾದಿ ಕಳೆದು ಕಾಯಿ ತಂದ ಅಂಬಿಗ, ಮಜ್ಜಿಗೆ ಕುಡಿಯುತ್ತಾ ತನ್ನ ಹೊಸ ಹರಿಗೋಲಿನ ಮಾತು ತೆಗೆದ. ಆತನೇ ನಡುಗಡ್ಡೆಯ ಜಾಗ ನೋಡಿಕೊಳ್ಳುತ್ತಿದ್ದವನು, ಅವನಿಗೆ ಮುಂಚೆ ಅವನಪ್ಪ.

‘ಹೊಸದಕ್ಕೂ ತೊಗಲು ಸಿಕ್ಕಿತೇನಪ್ಪ?’ ಅತ್ತೆ ಸುಮ್ಮನೆ ಕೇಳಿದರು.

‘ಈಗ್ಯಾರು ತೊಗಲು ಒದುಸ್ತಾರೆ ಅಮ್ಮಾವ್ರೇ? ಗೊಬ್ಬರದ ಪಿಲಾಸ್ಟಿಕ್ ಚೀಲ ಒಲುದು, ಮ್ಯಾಲೆ ಟಾರು ಬಳುದ್ಬುಟ್ರೆ ಆಯ್ತು. ಒಂದ್ ತೊಟ್ಟು ನೀರು ಬರಾಕಿಲ್ಲ.’

ಅತ್ತೆಯ ಕೈಯಲ್ಲಿದ್ದ ಮಾವಿನಕಾಯಿ ಅಲ್ಲೇ ನಿಂತಿತು.

‘ತೊಗಲು ಒಂಚೂರೂ ಇಲ್ವಾ?’

‘ಊಹೂಂ.’

‘ಕಟ್ಟೋ ದಾರ?’

‘ನೈಲಾನು.’

‘ಅಂಚಿಗೆ?’

‘ಬಿದುರು ಕಣ್ರಮ್ಮ, ಬಿದುರು!’ ಅಂಬಿಗ ನನ್ನ ಕಡೆ ತಿರುಗಿ, ‘ಪೋಲೀಸ್ನೋರು ಕೇಳ್ದಂಗೆ ಕೇಳ್ತಾವ್ರಲ್ಲ ಚಿಕ್ಕಮ್ಮಾವ್ರೇ’ ಎಂದ.

ಹೋಗಲು ಶುಕ್ರವಾರ ಬೇಡ, ಶನಿವಾರ ಬೇಡ, ಸೋಮವಾರ ಎಂದಾಯಿತು. ಆ ಮೂರು ದಿನ ಅತ್ತೆ ಎರಡು ಸಲ ಸಾರಿಗೆ ಉಪ್ಪು ಮರೆತರು. ನಾನೇನು ಕಮ್ಮಿ? ರಾತ್ರಿ ಮಲಗುವಾಗ ಕಣ್ಣು ಮುಚ್ಚಿದರೆ ನೀಲಿ ಪೆನ್ಸಿಲು. ಯಜಮಾನರಿಗೆ ಮಾತ್ರ ಹೇಳಲಿಲ್ಲ. ‘ಅಮ್ಮನಿಗೆ ಈ ವಯಸ್ಸಿನಲ್ಲಿ ಹರಿಗೋಲು ಬೇರೆ!’ ಅನ್ನುವರು ಎಂದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಅವರು ಪಾಂಡವಪುರದ ಬಸ್ಸು ಹಿಡಿಯಲು ಬೀದಿ ತಿರುಗಿದ್ದೇ ತಡ, ನಾವು ಬಾಗಿಲಿಗೆ ಬೀಗ ಹಾಕಿದೆವು. ಬುತ್ತಿಗೆ ಮೊಸರನ್ನ, ಹುರಿದ ಮೆಣಸಿನಕಾಯಿ. ಅತ್ತೆಯ ಕಂಕುಳಲ್ಲಿ ಊಟಕ್ಕೆ ಕೂರುವ ಮರದ ಮಣೆ.

‘ಮಣೆ ಯಾಕೆ ಅತ್ತೆ?’

‘ಇರಲಿ ಕಣೇ. ಪ್ಲಾಸ್ಟಿಕ್ಕೇ ಆದರೂ ನಮ್ಮದು ನಮಗಿರಲಿ.’

ಕೋಟೆಯ ದಿಡ್ಡಿ ಬಾಗಿಲು ದಾಟಿ ಮೆಟ್ಟಿಲಿಳಿದಾಗ ಹೊಳೆ ಬೇಸಿಗೆಯ ಹೊಳೆಯಾಗಿತ್ತು. ಬಂಡೆಗಳ ನಡುವೆ ಸಣ್ಣಗೆ ಮಾತಾಡಿಕೊಂಡು ಹೋಗುವ ನೀರು, ನಡುವೆ ಮಾತ್ರ ಮಡುವಿನ ಕಡು ಹಸಿರು. ದಡದಲ್ಲಿ ಹರಿಗೋಲು ದೊಡ್ಡ ಬುಟ್ಟಿಯಂತೆ ಕೂತಿತ್ತು. ಹೊರಗಡೆ ಟಾರು ಬಿಸಿಲಿಗೆ ಮಿರಿ ಮಿರಿ ಮಿಂಚುತ್ತಿತ್ತು. ಒಂದು ಕಡೆ ಟಾರಿನಡಿಯಿಂದ ಗೊಬ್ಬರದ ಚೀಲದ ಅಕ್ಷರ ಅರ್ಧ ಇಣುಕುತ್ತಿತ್ತು. ಅತ್ತೆ ಒಂದು ಸುತ್ತು ಹಾಕಿ ಆ ಅಕ್ಷರವನ್ನು ಓದಿ, ಸಮಾಧಾನದಿಂದ ತಲೆಯಾಡಿಸಿದರು.

‘ನಡುವಕ್ಕೆ ಕಾಲಿಡಿ ಅಮ್ಮಾವ್ರೇ, ಅಂಚು ತುಳೀಬ್ಯಾಡಿ. ಚಿಕ್ಕಮ್ಮಾವ್ರು ಎದ್ರಿಗೆ ಕೂತ್ಕಳಿ. ಅಂಗೆ. ಈಗ ಅಲ್ಲಾಡ್ಬ್ಯಾಡಿ.’ ಅಂಬಿಗ ಹುಟ್ಟಿನ ತುದಿಯನ್ನು ಮುಂದೆ ಚಾಚಿದ. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಳಗಿಳಿದು, ಒಣಹುಲ್ಲಿನ ಮೇಲೆ ಮಣೆ ಹಾಕಿ ಕೂತರು. ನಾನು ಎದುರಿಗೆ.

ಹರಿಗೋಲು ನೇರ ಹೋಗುವುದಿಲ್ಲ, ನಿಮಗೆ ಗೊತ್ತೇ? ಅದು ನಿಧಾನವಾಗಿ ತಿರುಗಿಕೊಂಡು, ಎಲ್ಲವನ್ನೂ ಒಂದೊಂದಾಗಿ ತೋರಿಸಿಕೊಂಡು ಹೋಗುತ್ತದೆ. ಕೋಟೆಗೋಡೆ ಬಂತು, ಹೋಯಿತು. ಗೋಪುರ ಬಂತು, ಹೋಯಿತು. ಬಟ್ಟೆ ಒಗೆಯುವ ಹೆಂಗಸರು, ರೈಲಿನ ಸೇತುವೆ, ಮತ್ತೆ ಕೋಟೆಗೋಡೆ. ‘ನಮ್ಮ ಮನೆ ಮಾಳಿಗೆ ಕಣೇ! ಅಲ್ಲಿ, ಹಪ್ಪಳ ಒಣಹಾಕಿದ್ದೀನಲ್ಲ, ಅದು!’ ಅತ್ತೆ ಕೂಗಿದರು. ನಲವತ್ತು ವರ್ಷ ಆ ಗೋಡೆಯಿಂದ ಹೊಳೆ ನೋಡಿದವರು ಈಗ ಹೊಳೆಯಿಂದ ಗೋಡೆ ನೋಡುತ್ತಿದ್ದರು. ಒಂದು ಕೈ ಮೆಲ್ಲಗೆ ಅಂಚಿನಾಚೆ ಹೋಗಿ ನೀರು ಮುಟ್ಟಿ, ಸುಟ್ಟವರಂತೆ ಹಿಂದೆ ಬಂತು. ಮತ್ತೆ ಹೋಯಿತು. ನೀರುಕಾಗೆಯೊಂದು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು.

ನಾನೂ ಕಾಲು ನೀಡಿ ಕೂತೆ. ಹುಲ್ಲು ಜರುಗಿತು. ಕೆಳಗೆ ಬಿದಿರ ದಬ್ಬೆಗಳ ಹೆಣಿಗೆ, ಹೆಣಿಗೆಯ ಸಂದಿಯಲ್ಲಿ ಚೀಲ ಕಾಣಬೇಕಾಗಿತ್ತು. ಕಂಡದ್ದು ಚೀಲವಲ್ಲ. ಕಂದುಬಣ್ಣದ ಗಟ್ಟಿ ಏನೋ. ನನ್ನ ಹೆಬ್ಬೆರಳಿನ ಪಕ್ಕ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ, ಒಂದೇ ದಿಕ್ಕಿಗೆ ಬಾಚಿದಂಥ ಮೋಟು ಕೂದಲು.

ಎಮ್ಮೆ.

ನಾನು ಅಂಬಿಗನ ಮುಖ ನೋಡಿದೆ. ಅವನು ನನ್ನ ಕಾಲ ಬಳಿ ನೋಡಿದ. ಹುಟ್ಟು ಹಾಕುವ ಕೈ ಒಂದು ಕ್ಷಣ ನಿಂತು, ಮೊದಲಿಗಿಂತ ಜೋರಾಯಿತು.

ಹೇಳಬೇಕಾಗಿತ್ತು. ಹೇಳಿದರೆ ಹರಿಗೋಲು ಅಲ್ಲಿಂದಲೇ ತಿರುಗುತ್ತಿತ್ತು, ಇನ್ನು ಅತ್ತೆ ಈ ಜನ್ಮದಲ್ಲಿ ನೀರಿಗಿಳಿಯುವವರಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ, ಸುಳ್ಳು ಹೇಳುವುದಷ್ಟೇ ಅಲ್ಲ, ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದೂ ತಪ್ಪೇ ಎಂದು ಕಲಿತವಳು ನಾನು. ಎದುರಿಗೆ ಅತ್ತೆ ಬಾಗಿ, ‘ಮೀನು! ಮೀನು ಕಣೇ!’ ಎನ್ನುತ್ತಿದ್ದರು. ನಾನು ಹುಲ್ಲು ಎಳೆದು ಆ ಜಾಗಕ್ಕೆ ಮುಚ್ಚಿ, ಮೇಲೆ ಪಾದ ಇಟ್ಟುಕೊಂಡೆ.

ನಡುಗಡ್ಡೆ ಹತ್ತಿರ ಬಂದಂತೆ ದೊಡ್ಡದಾಗದೆ ಚಿಕ್ಕದಾಯಿತು. ದೂರದಿಂದ ಒಂದೇ ಮುದ್ದೆಯಾಗಿ ಕಂಡದ್ದು ಬಿಡಿಸಿಕೊಂಡಿತು. ಆನೆ ಬೆನ್ನಿನಂಥ ಎರಡು ಬಂಡೆ, ಬಿದಿರ ಮೆಳೆ, ಮರಳಿನ ಒಂದು ನಾಲಿಗೆ, ಅಲ್ಲಿ ಸೌತೆ ಬಳ್ಳಿ. ಬಳ್ಳಿಗೆ ಕೊಡದಲ್ಲಿ ನೀರು ಹನಿಸುತ್ತಿದ್ದ ಹೆಂಗಸು ಅಂಬಿಗನ ಹೆಂಡತಿ. ಬೆಳಿಗ್ಗೆ ಬೇಗನೆ ಬೇರೆಯವರ ಹರಿಗೋಲಿನಲ್ಲಿ ಬಂದಿಳಿದಿದ್ದಳು. ಅವಳ ಹಿಂದೆ ಮರ.

ಹೊಳೆಯ ಕಡೆಗೆ ವಾಲಿದ ಮರ. ಒಂದು ಕೊಂಬೆ ನೀರಿನ ಮೇಲೆ ಎಷ್ಟು ಕೆಳಗೆ ಬಾಗಿತ್ತೆಂದರೆ ಕಾಯಿಗಳ ನೆರಳು ಕಾಯಿಗಳಿಗೇ ತಾಗುತ್ತಿತ್ತು. ಅತ್ತೆ ಮರಳಿಗಿಳಿದವರು ಮಣೆ, ಬುತ್ತಿ ಎಲ್ಲ ನನ್ನ ಕೈಗೆ ಹಾಕಿ, ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದರು. ಹೌದು, ಓಡಿದರು. ಮರದ ಬುಡಕ್ಕೆ ಎರಡೂ ಅಂಗೈ ಒತ್ತಿ ನಿಂತುಬಿಟ್ಟರು. ಆಮೇಲೆ ಸುತ್ತಿದರು. ಇರುವೆ ಸಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿದರು. ಒಂದು ಎಲೆ ಹರಿದು ಮೂಸಿ, ನನಗೂ ಮೂಸಲು ಕೊಟ್ಟರು. ‘ಉಪ್ಪಿನಕಾಯಿ ಜಾಡಿ ಬಾಯಿ ತೆಗೆದ ಹಾಗಿಲ್ವಾ?’

ಇಲ್ಲಿಗೇ ಎಲ್ಲ ಚೆಂದವಾಗಿ ಮುಗಿಯುತ್ತಿತ್ತು. ಆದರೆ ಅಂಬಿಗನ ಹೆಂಡತಿ ಕೊಡ ಕೆಳಗಿಟ್ಟು ಬಂದವಳು ಹರಿಗೋಲು ನೋಡಿದಳು.

‘ಅಯ್ಯೋ ನಿನ್ ಮನೆ ಕಾಯ್ವಾಗ! ಆ ಹಳೇ ತೊಗಲಿಂದ್ರಲ್ಲಾ ಅಮ್ಮಾವ್ರನ್ನ ಕೂರುಸ್ಕಂಡ್ ಬಂದಿರಾದು? ಹೊಸಾದೆಲ್ಲಿ?’

‘ಸುಮ್ಕಿರಮ್ಮಿ ನೀನು…’

‘ಯಾಕ್ ಸುಮ್ಕಿರ್ಲಿ? ಅಮ್ಮಾವ್ರು ತೊಗಲು ಮುಟ್ಟಾಕಿಲ್ಲ ಅಂತ ಊರಿಗೆಲ್ಲಾ ಗೊತ್ತು, ನಿಂಗೊತ್ತಿಲ್ವಾ?’

ಅಂಬಿಗ ತಲೆ ಕೆರೆದುಕೊಂಡ. ಹೊಸದನ್ನು ಅವನ ಭಾವಮೈದ ಕೆ.ಆರ್.ಎಸ್. ಹಿನ್ನೀರಿಗೆ ಮೀನಿಗೆ ಒಯ್ದವನು ತಂದಿರಲಿಲ್ಲ. ‘ಮೂರು ದಿನದಿಂದ ಕಾಯ್ಕಂಡ್ ಕೂತವ್ರೆ, ಇಲ್ಲ ಅಂತ ಎಂಗೇಳಾದು ಅಂತ ಹಳೇದಕ್ಕೇ ಮ್ಯಾಲೆ ಚೀಲ ಒಲುದು ಟಾರು ಬಳುದೆ. ಪಿಲಾಸ್ಟಿಕ್ಕು ಐತೆ ಅಂತ ಏಳಿದ್ದು ಸುಳ್ಳಲ್ಲ ಅಮ್ಮಾವ್ರೇ. ಅದರೊಳಗೆ ತೊಗಲೂ ಐತೆ, ಅಷ್ಟೇಯ.’

ಅತ್ತೆ ಬಂಡೆಯ ಮೇಲೆ ಹೋಗಿ ಹೊಳೆಗೆ ಮುಖ ಮಾಡಿ ಕೂತರು. ವಾಪಸ್ಸು ಹೋಗಲು ಅದೊಂದೇ ಹರಿಗೋಲು. ಹೊಸದು ಬರುವುದು ನಾಳೆಯೋ ನಾಡಿದ್ದೋ. ‘ಬರಲಿ. ಅಲ್ಲೀವರೆಗೂ ಇಲ್ಲೇ ಇರ್ತೀನಿ’ ಎಂದರು ಕೊನೆಗೆ. ತಮಾಷೆಗಲ್ಲ.

ನಾನು ಪಕ್ಕದಲ್ಲಿ ಕೂತೆ. ‘ನೀವು ಮಣೆ ಮೇಲೆ ಕೂತಿದ್ರಿ ಅತ್ತೆ. ನಿಮಗೆ ತಾಗಿಲ್ಲ.’

‘ಕಾಲು? ಕಾಲೇನು ತಲೆ ಮೇಲೆ ಇಟ್ಟುಕೊಂಡಿದ್ನಾ?’

‘ಮಾವನವರು ಸಂಧ್ಯಾವಂದನೆಗೆ ಕೂರ್ತಿದ್ದದ್ದೂ ಚರ್ಮದ ಮೇಲೇ ಅಲ್ವಾ?’

‘ಅದು ಜಿಂಕೆ.’

‘ಇದು ಎಮ್ಮೆ. ಅದರ ಹಾಲು ಕುಡೀತೀವಿ. ಜಿಂಕೆದು ಕುಡಿಯಲ್ವಲ್ಲ.’

ಅತ್ತೆ ಒಂದು ಸಲ ನನ್ನ ಕಡೆ ತಿರುಗಿ, ನಗು ಬರುವ ಮುಂಚೆಯೇ ಮುಖ ತಿರುಗಿಸಿಕೊಂಡರು. ಆಮೇಲೆ ಕೇಳಿದರು. ‘ನಿನಗೆ ಗೊತ್ತಿತ್ತಾ?’

ನನಗೆ ಮೀನು ತೋರಿಸಿದ ಅವರ ಬೆರಳು ಮಡಿಲಲ್ಲಿ ಸುಮ್ಮನಿತ್ತು. ‘ಹೊಳೆ ಮಧ್ಯೆ ಗೊತ್ತಾಯ್ತು ಅತ್ತೆ. ಕೂದಲು ಕಾಣಿಸ್ತು. ಹುಲ್ಲು ಮುಚ್ಚಿದೆ.’

‘ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ತಿರುಗಿಸು ಅಂತಿದ್ರಿ.’

ಅತ್ತೆ ಮತ್ತೆ ಹೊಳೆಗೆ ಮುಖ ತಿರುಗಿಸಿದರು. ನಮ್ಮ ಅತ್ತೆ ಬೈಯುವವರಲ್ಲ. ಮಾತು ಬಿಡುವವರು, ಅದು ಇನ್ನೂ ಕಷ್ಟ. ನಮ್ಮ ಬೆನ್ನ ಹಿಂದೆ ಅಂಬಿಗ, ಅವನ ಹೆಂಡತಿಯ ಜಗಳ ಪಿಸುಮಾತಿನಲ್ಲಿ ನಡೆಯುತ್ತಲೇ ಇತ್ತು. ಮರದಿಂದ ಒಂದು ಕಾಯಿ ‘ಗುಳಕ್’ ಎಂದು ನೀರಿಗೆ ಬಿತ್ತು. ಅತ್ತೆ ಅದು ತೇಲಿಹೋಗುವುದನ್ನು ತಿರುವಿನವರೆಗೂ ನೋಡಿದರು.

‘ಹೂಂ. ತಿರುಗಿಸು ಅಂತಲೇ ಅಂತಿದ್ದೆ’ ಎಂದರು.

ಆಮೇಲೆ, ತಮಗೆ ತಾವೇ ಎಂಬಂತೆ, ‘ಕೂರಬಾರದು ಅಂದಿದ್ರು ನಮ್ಮತ್ತೆ. ಕೂತುಬಿಟ್ರೆ ಏನು ಮಾಡಬೇಕು ಅಂತ ಹೇಳಲೇ ಇಲ್ಲ. ಯಾರೂ ಕೂತಿರಲಿಲ್ಲ, ಯಾಕೆ ಹೇಳ್ತಾರೆ?’

‘ಈಗ ಯಾರನ್ನ ಕೇಳೋಣ?’

‘ಅದೇ ಯೋಚನೆ ಮಾಡ್ತಾ ಇದೀನಿ. ಈಗ ಮನೆಗೆ ದೊಡ್ಡವಳು ಯಾರು?’

‘ನೀವೇ.’

‘ನಾನೇ ಅಲ್ವಾ?’ ಆ ಮಾತು ಅವರಿಗೇ ಹೊಸದಾಗಿ ಕೇಳಿಸಿದ ಹಾಗಿತ್ತು. ಬೆನ್ನು ನೆಟ್ಟಗಾಯಿತು. ‘ಹಾಗಾದ್ರೆ ತಲೆಗೆ ಒಂದು ಸ್ನಾನ ಸಾಕು. ಹೊಳೇಲೇ ಮುಳುಗಿ, ಒದ್ದೆ ಸೀರೇಲೇ ಮನೆಗೆ ಹೋಗೋದು. ಇನ್ನು ಮುಂದೆ ನಮ್ಮ ಮನೇಲಿ ಅಷ್ಟೇ. ನಿನಗೂ ಅಷ್ಟೇ.’

‘ಸರಿ ಅತ್ತೆ.’

ಅಂಬಿಗನ ಹೆಂಡತಿ ಹಿಂದಿನಿಂದ, ‘ನೋಡ್ದಾ? ಅಮ್ಮಾವ್ರು ಒಳ್ಳೇರಾಗಿದ್ಕೆ ಉಳ್ಕಂಡೆ’ ಎಂದು ಗಂಡನಿಗೆ ತಿವಿದಳು. ಅವನು, ‘ನೀನು ಬಾಯ್ ಮುಚ್ಕಂಡಿದ್ರೆ ಈ ಪಜೀತಿನೇ ಇರ್ತಿರ್ನಿಲ್ಲ’ ಎಂದ. ನಾನು ನಕ್ಕೆ, ಅತ್ತೆಯೂ ನಕ್ಕರು. ಮೊಸರನ್ನ ಬಿಚ್ಚಿದೆವು. ಅವಳು ಎಳೆಸೌತೆ ಕಿತ್ತು, ಹೊಳೆಯಲ್ಲೇ ಅದ್ದಿ ಕೊಟ್ಟಳು. ಅದರ ಮೈಯ ಸಣ್ಣ ಮುಳ್ಳು ನಾಲಿಗೆಗೆ ಚುಚ್ಚಿ ಮುರಿಯುತ್ತಿತ್ತು. ಅತ್ತೆ ತಮ್ಮ ಮರದ ನೆರಳಿನಲ್ಲಿ, ತಮ್ಮ ಮಣೆಯ ಮೇಲೆ ಕೂತು ಎರಡು ಸಲ ಬಡಿಸಿಕೊಂಡರು.

ಕೈ ತೊಳೆದು ಹರಿಗೋಲಿನ ಹತ್ತಿರ ಬಂದಾಗ ಅತ್ತೆ ಹತ್ತಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಹೊಳೆಯ ಕೆಳಗಡೆ ನೋಡಿದರು.

‘ಅಲ್ಲೊಂದು ಕಾಣ್ತಿದೆಯಲ್ಲ, ಆ ನಡುಗಡ್ಡೇಲಿ ಏನಿದೆಯಪ್ಪ?’

‘ಅದ್ರಲ್ಲೇನೈತೆ ಅಮ್ಮಾವ್ರೇ? ನೀರಂಜಿ ಗಿಡ, ಬಕಪಕ್ಸಿ.’

‘ಅದರಾಚೆದು?’

‘ಅದ್ರಲ್ಲಿ ಅದೂ ಇಲ್ಲ.’

‘ಹೋಗೋಣ’ ಎಂದರು ಅತ್ತೆ.

ಅಂಬಿಗ ನನ್ನನ್ನು ನೋಡಿದ. ನಾನು ಅತ್ತೆಯನ್ನು ನೋಡಿದೆ.

‘ಏನು ಹಾಗೆ ನೋಡ್ತೀಯ? ಒಂದು ನಡುಗಡ್ಡೆಗೆ ಹೋದರೂ ಒಂದೇ ಸ್ನಾನ, ನಾಲ್ಕಕ್ಕೆ ಹೋದರೂ ಒಂದೇ ಸ್ನಾನ. ನಾಳೆ ಹೋದರೆ ನಾಳೆಗೆ ಬೇರೆ ಸ್ನಾನ ಮಾಡಬೇಕು. ಇವತ್ತೇ ನೋಡಿಬಿಡೋಣ ನಡಿ.’

ಮಣೆಯನ್ನು ಮರದ ಬುಡದಲ್ಲೇ ಬಿಟ್ಟರು. ಈ ಸಲ ಹುಟ್ಟಿನ ತುದಿಯೂ ಬೇಕಾಗಲಿಲ್ಲ. ಅಂಚು ಹಿಡಿದು, ನಡುವಕ್ಕೆ ಕಾಲಿಟ್ಟು, ಹುಲ್ಲಿನ ಮೇಲೆ ಚಕ್ಕಳಮಕ್ಕಳ ಕೂತರು. ಆಮೇಲೆ ನಾವು ನೋಡಿದ್ದನ್ನು ನಾನು ಯಾವ ಅಟ್ಲಾಸಿನಲ್ಲೂ ಕಂಡಿಲ್ಲ. ಎರಡನೆಯದರಲ್ಲಿ ಬೆಳ್ಳಕ್ಕಿಗಳು ಗಿಡದ ತುಂಬ ಕೂತು ಜಗಳವಾಡುತ್ತಿದ್ದವು. ಗಿಡದ ಕೆಳಗೆಲ್ಲ ಸುಣ್ಣ ಎರಚಿದಂತೆ ಬಿಳುಪು. ಅಲ್ಲಿ ಅತ್ತೆ ಮೂಗು ಮುಚ್ಚಿಕೊಂಡೇ ಮುಕ್ಕಾಲು ಗಂಟೆ ಇದ್ದರು. ಮೂರನೆಯದರಲ್ಲಿ ಬಂಡೆಯ ಮೇಲೆ ನೀರು ಕೊರೆದ ಗುಂಡಗಿನ ಕುಳಿಗಳು, ಒಂದೊಂದರಲ್ಲೂ ನುಣ್ಣನೆಯ ಗುಂಡುಕಲ್ಲು. ‘ಹೊಳೆ ಇಲ್ಲಿ ದೋಸೆಗೆ ರುಬ್ಬುತ್ತೆ ಕಣೇ’ ಎಂದು ಅತ್ತೆ ಒಂದು ಕಲ್ಲನ್ನು ತಿರುವಿಯೇ ನೋಡಿದರು. ನಾನು ಸೀರೆ ಮೊಣಕಾಲಿಗೆ ಎತ್ತಿ ಆ ಕುಳಿಯಿಂದ ಈ ಕುಳಿಗೆ ಹಾರುತ್ತಿದ್ದೆ. ಬಿಸಿಲು ನೆತ್ತಿ ದಾಟಿತ್ತು. ಇಬ್ಬರ ಮುಖವೂ ಬೆಂದ ಬೀಟ್‌ರೂಟಿನಂತಾಗಿತ್ತು.

ನಾಲ್ಕನೆಯದು ದ್ವೀಪವೆನ್ನಲು ಅಂಬಿಗನೇ ಒಪ್ಪಲಿಲ್ಲ. ಒಂದು ಮಂಚದಷ್ಟು ಬಂಡೆ, ಅದರ ಬಿರುಕಿನಲ್ಲಿ ಒಂದು ಹಿಡಿ ಜೊಂಡು. ಇಬ್ಬರು ನಿಲ್ಲಲು ಜಾಗವಿಲ್ಲ.

‘ಇದಕ್ಕೆ ಇಳೀತೀನಿ’ ಎಂದರು ಅತ್ತೆ.

ಇಳಿದು, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತರು. ಅತ್ತ ಇತ್ತ, ಹಿಂದೆ ಮುಂದೆ ನೋಡಿದರು. ನಾಲ್ಕೂ ಕಡೆ ನೀರು.

‘ನೀವು ಸ್ವಲ್ಪ ದೂರ ಹೋಗಿ.’

‘ಒಬ್ರನ್ನೇ ಬುಟ್ಟು ಎಂಗೋಗಾದು ಅಮ್ಮಾವ್ರೇ?’ ಅಂಬಿಗ ಗಾಬರಿಯಾದ.

‘ಹೋಗಪ್ಪ. ನಾನೆಲ್ಲಿ ಓಡಿಹೋಗ್ತೀನಿ?’

ಅಂಬಿಗ ಹುಟ್ಟು ಹಾಕಿದ. ಹರಿಗೋಲು ತಿರುಗಿತು. ಅತ್ತೆ ಬಂದರು, ಹೋದರು, ಮತ್ತೆ ಬಂದರು. ಪ್ರತಿ ಸುತ್ತಿಗೂ ಇನ್ನಷ್ಟು ಚಿಕ್ಕದಾಗಿ, ಮಿನುಗುವ ನೀರಿನ ನಡುವೆ ತಿಳಿಹಸಿರು ಸೀರೆಯುಟ್ಟು ನೆಟ್ಟಗೆ ಕೂತಿದ್ದರು.

‘ಸಾಕಾ ಅತ್ತೇ?’ ನಾನು ಬಾಯಿಗೆ ಎರಡೂ ಕೈ ಹಿಡಿದು ಕೂಗಿದೆ.

ಅವರು ಕೈಯೆತ್ತಿ, ಮೊಣಕೈಯಿಂದ ಜೋರಾಗಿ ಆಚೆಗೆ ಬೀಸಿದರು. ನೀರಿನ ಮೇಲೆ ಹುಡುಗಿಯ ದನಿಯಂಥ ದನಿ ತೇಲಿ ಬಂತು.

‘ಇನ್ನೂ ದೂರ! ಇನ್ನೂ ಸ್ವಲ್ಪ ದೂರ!’